ಹೊಲದ ಮಣ್ಣಿನ ನಕ್ಷೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕೃಷಿ ಓದು ಮುಗಿಸಿದ ಮೇಲೆ ಮೂರು ವರ್ಷ ಮಣ್ಣಿನ ಸಮೀಕ್ಷೆ ತಂಡದ ಜೊತೆ ಹೊಲ ಹೊಲ ಸುತ್ತಿದವನು ನಾನು. ಮಣ್ಣು ನೋಡೋಕೆ ತೋಡಿದ ಗುಂಡಿಗೆ ಇಳಿದು ಕೂತಾಗ ಮೇಲೆ ನಿಂತ ರೈತರು ಕೇಳುತ್ತಿದ್ದ ಪ್ರಶ್ನೆಗಳು ಊರಿಂದ ಊರಿಗೆ ಹೆಚ್ಚು ಬದಲಾಗುತ್ತಿರಲಿಲ್ಲ. ಈಗ ಫೋನಿನಲ್ಲಿ ಕೇಳುವವರದ್ದೂ ಬಹುಪಾಲು ಅವೇ. ಅದಕ್ಕೇ ಎಲ್ಲ ಒಂದು ಕಡೆ ಬರೆದಿಟ್ಟಿದ್ದೇನೆ.

ನನ್ನ ಹತ್ತಿರ ಮಣ್ಣು ಆರೋಗ್ಯ ಕಾರ್ಡ್ ಇದೆ. ಮತ್ತೆ ಈ ನಕ್ಷೆ ಯಾಕೆ?

ಎರಡೂ ಬೇರೆ ಬೇರೆ. ಕೇಂದ್ರ ಸರ್ಕಾರ 2015ರಲ್ಲಿ ಶುರು ಮಾಡಿದ ಕಾರ್ಡಿನಲ್ಲಿ 12 ಅಂಶ ಇರುತ್ತವೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ರಸಸಾರ (ಪಿಎಚ್), ಲವಣಾಂಶ, ಸಾವಯವ ಇಂಗಾಲ. ಇದಕ್ಕೆ ಮಣ್ಣು ತೆಗೆಯುವುದು ಸಾಮಾನ್ಯವಾಗಿ ಮೇಲಿನ 15 ಸೆಂ.ಮೀ. ಪದರದಿಂದ, ಅಂದರೆ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ. ಈ ವರ್ಷ ಎಷ್ಟು ಗೊಬ್ಬರ ಹಾಕಬೇಕು ಅನ್ನುವುದಕ್ಕೆ ಅಷ್ಟು ಸಾಕು.

ಆ ಗೇಣಿನ ಕೆಳಗೆ ಏನಿದೆ ಅಂತ ಕಾರ್ಡ್ ಹೇಳುವುದಿಲ್ಲ. ಎಷ್ಟು ಅಡಿಗೆ ಕಲ್ಲು ಸಿಗುತ್ತೆ, ನೊರಜು (ಸಣ್ಣ ಕಲ್ಲು) ಎಷ್ಟಿದೆ, ನೀರು ಇಂಗುತ್ತಾ ನಿಲ್ಲುತ್ತಾ, ಇಳಿಜಾರು ಎಷ್ಟು, ಮೇಲ್ಮಣ್ಣು ಎಷ್ಟು ಕೊಚ್ಚಿ ಹೋಗಿದೆ? ಇವೆಲ್ಲ ಮಣ್ಣಿನ ನಕ್ಷೆಯ ಕೆಲಸ. ಯೂರಿಯಾ ಕಮ್ಮಿಯಾದರೆ ಮುಂದಿನ ವಾರ ಹಾಕಬಹುದು. ಕಮ್ಮಿ ಇರುವ ಆಳವನ್ನು ಯಾವ ಅಂಗಡಿಯಿಂದಲೂ ತರೋಕಾಗಲ್ಲ.

ಆಳಕ್ಕೆ ಅಷ್ಟೊಂದು ಮಹತ್ವ ಯಾಕೆ?

ಇದಕ್ಕೆ ಸ್ವಲ್ಪ ಉದ್ದ ಉತ್ತರ ಕೊಡುತ್ತೇನೆ, ಯಾಕೆಂದರೆ ಇದು ನಮ್ಮ ಮನೆಯಲ್ಲೇ ನಡೆದದ್ದು.

ಶಿರಾ ಕಡೆ ನಮ್ಮ ಚಿಕ್ಕಪ್ಪನಿಗೆ ಮೂರು ಎಕರೆ ಕೆಂಪು ಹೊಲ ಇದೆ. ಶೇಂಗಾ, ರಾಗಿ ಬೆಳೆಯುತ್ತಿದ್ದರು. ಕೂಲಿಯವರು ಸಿಗುತ್ತಿಲ್ಲ ಅಂತ ಮಾವು ಹಾಕಿದರು. ಗಿಡ ಕೊಟ್ಟ ನರ್ಸರಿಯವರು "ಎಂಥ ಮಣ್ಣಾದರೂ ಬರುತ್ತೆ ಸ್ವಾಮಿ" ಅಂದಿದ್ದರಂತೆ. ಮೂರು ವರ್ಷ ಗಿಡಗಳು ಚೆನ್ನಾಗಿಯೇ ಬಂದವು. ನಾಲ್ಕನೇ ಬೇಸಿಗೆಯಲ್ಲಿ ಮೇಲಿನ ಅರ್ಧ ಹೊಲದ ಗಿಡಗಳ ತುದಿ ಒಣಗೋಕೆ ಶುರುವಾಯಿತು. ಔಷಧಿ ಹೊಡೆದರು, ಗೊಬ್ಬರ ಹಾಕಿದರು, ಟ್ಯಾಂಕರ್ ನೀರು ತರಿಸಿದರು. ಕೆಳಗಿನ ಅರ್ಧದಲ್ಲಿ ಅದೇ ತಳಿ, ಅದೇ ಗೊಬ್ಬರ, ಗಿಡಗಳು ಹಸಿರಾಗಿ ನಿಂತಿದ್ದವು. ಕೊನೆಗೆ ಒಣಗಿದ ಗಿಡವೊಂದರ ಪಕ್ಕ ಅಗೆದು ನೋಡಿದರೆ ಒಂದೂವರೆ ಅಡಿಗೆ ಕಲ್ಲು. ಬೇರು ಅಲ್ಲಿಗೆ ಹೋಗಿ ತಟ್ಟೆಯ ಹಾಗೆ ಅಡ್ಡಕ್ಕೆ ಹರಡಿತ್ತು. ಕೆಳಗಿನ ಅರ್ಧದಲ್ಲಿ ನಾಲ್ಕು ಅಡಿ ಅಗೆದರೂ ಮಣ್ಣೇ.

ಲೆಕ್ಕ ಹಾಕಿ ನೋಡಿ. ಒಂದು ಎಕರೆಯಲ್ಲಿ 1 ಮಿ.ಮೀ. ನೀರು ಅಂದರೆ ಸುಮಾರು 4,000 ಲೀಟರ್. ಆಳ ಕಡಿಮೆ ಇದ್ದು ನೊರಜು ತುಂಬಿದ ಹೊಲ ಬೆಳೆಗೆ ಸಿಗುವಂತೆ ಹಿಡಿದಿಡುವ ನೀರು 50 ಮಿ.ಮೀ. ಅಂತಿಟ್ಟುಕೊಳ್ಳಿ. ಎಕರೆಗೆ 2 ಲಕ್ಷ ಲೀಟರ್ ಆಯಿತು. ಆಳವಾದ ಎರೆ ಭೂಮಿ, ಅಂದರೆ ಕಪ್ಪು ಜೇಡಿ ಮಣ್ಣಿನ ಹೊಲ, 200 ಮಿ.ಮೀ. ಹಿಡಿದರೆ 8 ಲಕ್ಷ ಲೀಟರ್. ಬೆಳೆ ದಿನಕ್ಕೆ 5 ಮಿ.ಮೀ. ಕುಡಿದರೆ ಮೊದಲ ಹೊಲ ಮಳೆ ಇಲ್ಲದೆ 10 ದಿನ ತಡೆಯುತ್ತೆ, ಎರಡನೆಯದು 40 ದಿನ. ವಿಜಯಪುರ, ಗದಗ ಕಡೆ ಮಳೆ ನಿಂತ ಮೇಲೆ ಬಿತ್ತಿದ ಹಿಂಗಾರಿ ಜೋಳ, ಕಡಲೆ, ಕುಸುಬೆ ಬರೀ ಹಸಿಯ ಮೇಲೆ ಕೈಗೆ ಬರುವುದು ಇದೇ ಲೆಕ್ಕದಲ್ಲಿ.

ಸಮೀಕ್ಷೆಯಲ್ಲಿ ಆಳವನ್ನು ಹೀಗೆ ಹಂಚುತ್ತಾರೆ: 25 ಸೆಂ.ಮೀ. ಒಳಗಿದ್ದರೆ ತೀರಾ ಕಡಿಮೆ ಆಳ, 25ರಿಂದ 50 ಕಡಿಮೆ, 50ರಿಂದ 75 ಸ್ವಲ್ಪ ಕಡಿಮೆ, 75ರಿಂದ 100 ಮಧ್ಯಮ, 100ರಿಂದ 150 ಆಳ, ಅದಕ್ಕೂ ಮೇಲೆ ಬಹಳ ಆಳ. ಚಿಕ್ಕಪ್ಪನ ಮೇಲಿನ ಹೊಲ ಎರಡನೇ ಗುಂಪಿನದು. ಅಲ್ಲಿ ಶೇಂಗಾ ಬರುತ್ತೆ, ಸೀತಾಫಲ ಬರುತ್ತೆ. ಮಾವಿಗೆ ಮೀಟರ್‌ಗೂ ಜಾಸ್ತಿ ಆಳ ಬೇಕು.

ಕರ್ನಾಟಕದಲ್ಲಿ ಇಂಥ ನಕ್ಷೆ ಯಾರು ಮಾಡಿದ್ದಾರೆ?

ಇದಕ್ಕೆಂದೇ ಇರುವ ಕೇಂದ್ರದ ಸಂಸ್ಥೆ ರಾಷ್ಟ್ರೀಯ ಮಣ್ಣು ಸಮೀಕ್ಷೆ ಮತ್ತು ಭೂ ಬಳಕೆ ಯೋಜನಾ ಸಂಸ್ಥೆ. ಅದರ ಮುಖ್ಯ ಕಚೇರಿ ನಾಗಪುರದಲ್ಲಿದೆ, ಪ್ರಾದೇಶಿಕ ಕೇಂದ್ರ ಬೆಂಗಳೂರಿನ ಹೆಬ್ಬಾಳದಲ್ಲಿದೆ. ಇಡೀ ರಾಜ್ಯದ ಮಣ್ಣಿನ ನಕ್ಷೆಯನ್ನು 1:2,50,000 ಅಳತೆಯಲ್ಲಿ ಮೊದಲು ಮಾಡಿದ್ದು ಇವರೇ.

ಸರ್ವೆ ನಂಬರ್ ಮಟ್ಟಕ್ಕೆ ಇಳಿದದ್ದು ಸುಜಲಾ-3 ಯೋಜನೆಯಲ್ಲಿ. ವಿಶ್ವಬ್ಯಾಂಕ್ ನೆರವಿನಿಂದ ರಾಜ್ಯದ ಜಲಾನಯನ ಇಲಾಖೆ ನಡೆಸಿದ ಯೋಜನೆ ಇದು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ವಿಜಯಪುರ, ಗದಗ, ದಾವಣಗೆರೆ, ಚಿಕ್ಕಮಗಳೂರು, ತುಮಕೂರು, ಚಾಮರಾಜನಗರ, ಒಟ್ಟು 11 ಜಿಲ್ಲೆ. ಸುಮಾರು 500 ಹೆಕ್ಟೇರಿನ ಕಿರು ಜಲಾನಯನ (ಮಳೆ ನೀರು ಒಂದೇ ಹಳ್ಳಕ್ಕೆ ಹರಿಯುವ ಜಾಗ) ಒಂದೊಂದನ್ನೂ ನಡೆದು, ಅಗೆದು, ನಕ್ಷೆ ಮಾಡಿದರು. ಬೆಂಗಳೂರು, ಧಾರವಾಡ, ರಾಯಚೂರು ಕೃಷಿ ವಿಶ್ವವಿದ್ಯಾಲಯಗಳು, ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ, ಭಾರತೀಯ ವಿಜ್ಞಾನ ಸಂಸ್ಥೆ ಇದರಲ್ಲಿ ಕೈಜೋಡಿಸಿದ್ದವು. ಭೂ ಸಂಪನ್ಮೂಲ ಸಮೀಕ್ಷೆ, ಎಲ್ಲರ ಬಾಯಲ್ಲಿ ಎಲ್‌ಆರ್‌ಐ, ಅನ್ನುವುದು ಇದನ್ನೇ. ಆಮೇಲೆ ಬಂದ ರಿವಾರ್ಡ್ ಯೋಜನೆಯಲ್ಲಿ ಈ ಕೆಲಸ ಮುಂದುವರಿದಿದೆ.

1:7920, 1:50,000 ಅಂದರೆ ಏನರ್ಥ? ಯಾವುದು ನನಗೆ ಬೇಕು?

1:2,50,000 ನಕ್ಷೆಯಲ್ಲಿ ಒಂದು ಸೆಂ.ಮೀ. ಅಂದರೆ ನೆಲದ ಮೇಲೆ ಎರಡೂವರೆ ಕಿ.ಮೀ. ಒಂದು ಚದರ ಸೆಂ.ಮೀ., ಅಂದರೆ ನಿಮ್ಮ ಕಿರುಬೆರಳ ಉಗುರಿನಷ್ಟು ಜಾಗದಲ್ಲಿ, 1,500 ಎಕರೆಗೂ ಜಾಸ್ತಿ. ಒಂದು ಇಡೀ ಊರು ಅದರೊಳಗೆ ಮುಚ್ಚಿಹೋಗುತ್ತೆ. ಜಿಲ್ಲೆಗೆ ಏನು ಯೋಜನೆ ಮಾಡಬೇಕು ಅಂತ ವಿಧಾನಸೌಧದಲ್ಲಿ ಕೂತು ಯೋಚಿಸುವವರಿಗೆ ಅದು ಸರಿ. 1:50,000ದಲ್ಲಿ ಅದೇ ಉಗುರಿನಷ್ಟು ಜಾಗ 62 ಎಕರೆ, ತಾಲ್ಲೂಕಿನ ಮಟ್ಟಕ್ಕೆ ಆಗುತ್ತೆ.

1:7920ರಲ್ಲಿ ಒಂದು ಸೆಂ.ಮೀ. ಅಂದರೆ 79.2 ಮೀಟರ್, ಉಗುರಿನಷ್ಟು ಜಾಗ ಒಂದೂವರೆ ಎಕರೆ. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಅಂತ ಕೇಳುವವರು ಬಹಳ. ಒಂದು ಮೈಲಿಗೆ 63,360 ಇಂಚು. ಮೈಲಿಯನ್ನು ಎಂಟು ಇಂಚಿನಲ್ಲಿ ಬರೆದರೆ 7,920. ಬ್ರಿಟಿಷರ ಕಾಲದಿಂದ ಬಂದ ನಮ್ಮ ಗ್ರಾಮ ನಕ್ಷೆಗಳ ಅಳತೆ ಇದು. ಮಣ್ಣಿನ ಗೆರೆಗಳನ್ನು ಅದೇ ನಕ್ಷೆಯ ಮೇಲೆ ಎಳೆದದ್ದರಿಂದ ಸರ್ವೆ ನಂಬರ್ ನೋಡಿಯೇ ಓದಬಹುದು. ರೈತನಿಗೆ ಬೇಕಾದದ್ದು ಇದು.

ಸಮೀಕ್ಷೆಯವರು ಹೊಲಕ್ಕೆ ಬಂದು ನಿಜವಾಗಿ ಏನು ಮಾಡ್ತಾರೆ? ಸುಮ್ನೆ ಫೋಟೋ ಹೊಡೆದು ಹೋಗ್ತಾರಾ?

ಫೋಟೋನೂ ಹೊಡೆಯುತ್ತಾರೆ. ಆದರೆ ಮೊದಲ ಕೆಲಸ ನಡೆಯುವುದು. ಉಪಗ್ರಹ ಚಿತ್ರ ಮತ್ತು ಗ್ರಾಮ ನಕ್ಷೆ ಕೈಯಲ್ಲಿ ಹಿಡಿದು ದಿಬ್ಬದ ತಲೆಯಿಂದ ಹಳ್ಳದ ತನಕ ಒಂದು ಗೆರೆಯಲ್ಲಿ ಇಳಿಯುತ್ತೇವೆ. ಮಣ್ಣು ಬದಲಾಗುವುದು ಬಹುಪಾಲು ಈ ಇಳಿಜಾರಿನ ಉದ್ದಕ್ಕೆ. ಬಯಲುಸೀಮೆಯಲ್ಲಿ ದಿಬ್ಬದ ಮೇಲೆ ಸಣ್ಣ ಕಲ್ಲಿನ ಗರಸು, ನಡುವೆ ಕೆಂಪು, ತಗ್ಗಿನಲ್ಲಿ ಕಪ್ಪು. ಇದನ್ನು ಒಮ್ಮೆ ಗಮನಿಸಿದ ಮೇಲೆ ಬಸ್ಸಿನ ಕಿಟಕಿಯಿಂದಲೂ ಕಾಣೋಕೆ ಶುರುವಾಗುತ್ತೆ.

ಮಣ್ಣು ಬದಲಾದಂತೆ ಕಂಡಲ್ಲಿ ಗುಂಡಿ. ಆಳೆತ್ತರ, ಇಲ್ಲವೇ ಕಲ್ಲು ಸಿಗುವ ತನಕ. ಬಿಸಿಲು ನೇರವಾಗಿ ಬೀಳುವ ಒಂದು ಗೋಡೆಯನ್ನು ಚಾಕುವಿನಿಂದ ಹೆರೆದು ಹೊಸದಾಗಿ ಮಾಡುತ್ತೇವೆ. ಪಕ್ಕದಲ್ಲಿ ಟೇಪು ಇಳಿಬಿಟ್ಟು, ಬಣ್ಣ ಅಥವಾ ಗಟ್ಟಿತನ ಎಲ್ಲಿ ಬದಲಾಗುತ್ತೆ ಅಲ್ಲೆಲ್ಲ ಗೆರೆ. ಒಂದೊಂದು ಪದರದಿಂದಲೂ ಹೆಂಟೆ ತೆಗೆದು, ನೀರು ಚಿಮುಕಿಸಿ, ಮನ್ಸೆಲ್ ಬಣ್ಣದ ಪಟ್ಟಿಯ ಚೌಕಗಳ ಪಕ್ಕ ಹಿಡಿಯುತ್ತೇವೆ. ಸೀರೆ ಅಂಗಡಿಯಲ್ಲಿ ಬ್ಲೌಸ್ ಪೀಸ್ ಹೊಂದಿಸಿದ ಹಾಗೆಯೇ.

ಆಮೇಲೆ ಅಂಗೈ ಕೆಲಸ. ಚಿಟಿಕೆ ಮಣ್ಣಿಗೆ ನೀರು ಹಾಕಿ ರೊಟ್ಟಿ ಹಿಟ್ಟಿನ ಹಾಗೆ ನಾದಿ, ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತುತ್ತಾ ಹೊರಗೆ ತಳ್ಳಬೇಕು. ಮರಳಾದರೆ ಉಂಡೆಯೇ ಆಗಲ್ಲ. ಮರಳು, ಜೇಡಿ ಬೆರೆತ ಗೋಡು ಮಣ್ಣಾದರೆ ಚಿಕ್ಕ ಪಟ್ಟಿ ಬಂದು ಮುರಿಯುತ್ತೆ. ಜೇಡಿ ಆದರೆ ಎರಡು ಇಂಚಿನ ರಿಬ್ಬನ್ ಬೆರಳಿನಿಂದ ಜೋತು ಬೀಳುತ್ತೆ, ಕೈ ತೊಳೆಯೋಕೆ ಅರ್ಧ ಬಾಟಲಿ ನೀರು ಬೇಕು. ಕೊನೆಗೆ ಗೋಡೆಗೆ ಒಂದೆರಡು ಹನಿ ತೆಳು ಆಮ್ಲ ಬಿಡುತ್ತೇವೆ. ಸುಣ್ಣದ ಅಂಶ ಇದ್ದರೆ ಸೋಡಾ ಹಾಗೆ ಬುರುಬುರು ಅನ್ನುತ್ತೆ. ಮಕ್ಕಳು ಗುಂಡಿ ಸುತ್ತ ಕಾದು ನಿಲ್ಲುವುದು ಇದಕ್ಕೇ.

ಪದರ ಪದರದ ಮಣ್ಣು ಚೀಲದಲ್ಲಿ ಲ್ಯಾಬಿಗೆ ಹೋಗುತ್ತೆ. ಒಂದೇ ಥರದ ಗುಂಡಿಗಳನ್ನು ಸೇರಿಸಿ ಗಡಿ ಎಳೆಯುವುದು ಕೊನೆಯ ಕೆಲಸ.

ನಕ್ಷೆಯ ಮೇಲೆ ಏನೋ ಅಕ್ಷರ, ಅಂಕಿ ಬರೆದಿರುತ್ತಾರೆ. ಅದನ್ನು ಓದೋದು ಹೇಗೆ?

ಎಡದಿಂದ ಬಲಕ್ಕೆ ಬಿಡಿಸಿ ಓದಿ. ಮೊದಲ ಮೂರು ದೊಡ್ಡಕ್ಷರ ಮಣ್ಣಿನ ಸರಣಿಯ, ಅಂದರೆ ಒಂದೇ ಥರದ ಮಣ್ಣಿನ ಗುಂಪಿನ, ಹೆಸರು. ಅದರ ನಂತರದ ಚಿಕ್ಕಕ್ಷರ ಮೇಲ್ಮಣ್ಣಿನ ನಯ-ಒರಟು: ಸಿ ಅಂದರೆ ಮರಳು ಗೋಡು, ಎಚ್ ಅಂದರೆ ಮರಳು ಮಿಶ್ರಿತ ಜೇಡಿ ಗೋಡು, ಐ ಮರಳು ಜೇಡಿ, ಎಂ ಜೇಡಿ. ಮುಂದಿನ ದೊಡ್ಡಕ್ಷರ ಇಳಿಜಾರು: ಎ ಅಂದರೆ ನೂರು ಅಡಿಗೆ ಒಂದು ಅಡಿಯೊಳಗೆ, ಬಿ ಒಂದರಿಂದ ಮೂರು ಅಡಿ, ಸಿ ಮೂರರಿಂದ ಐದು ಅಡಿ. ಆಮೇಲಿನ ಅಂಕಿ ಸವಕಳಿ: 1 ಸ್ವಲ್ಪ, 2 ಮಧ್ಯಮ, 3 ತೀವ್ರ. ಕೊನೆಗೆ ಜಿ1 ಇದ್ದರೆ ಮೇಲೆ ನೂರಕ್ಕೆ 15ರಿಂದ 35 ಭಾಗ ನೊರಜುಗಲ್ಲು, ಜಿ2 ಇದ್ದರೆ 35ರಿಂದ 60.

ಹಾಗಾಗಿ ಸರಣಿಯ ಹೆಸರಾದ ಮೇಲೆ "ಎಚ್-ಬಿ-2-ಜಿ1" ಅಂತಿದ್ದರೆ: ಮರಳು ಮಿಶ್ರಿತ ಜೇಡಿ ಗೋಡು, ತುಸು ಇಳಿಜಾರು, ಮಧ್ಯಮ ಸವಕಳಿ, ನೊರಜು ಇದೆ. ಆಳ ಎಷ್ಟು ಅನ್ನುವುದು ಸರಣಿಯ ವಿವರದೊಳಗೆ ಇರುತ್ತೆ. ಅದನ್ನು ಪಕ್ಕದ ಪಟ್ಟಿಯಲ್ಲಿ ಹುಡುಕಬೇಕು. ಬಹಳ ಜನ ಇದನ್ನೇ ಬಿಟ್ಟುಬಿಡುತ್ತಾರೆ.

ಸರಣಿಗೆ ಊರಿನ ಹೆಸರು ಯಾಕೆ?

ಒಂದು ಥರದ ಮಣ್ಣನ್ನು ಮೊದಲು ಎಲ್ಲಿ ಸರಿಯಾಗಿ ಅಗೆದು ಬರೆದಿಟ್ಟರೋ ಆ ಊರಿನ ಹೆಸರೇ ಸರಣಿಗೆ. ಬೆಂಗಳೂರು ಗ್ರಾಮಾಂತರದ ತ್ಯಾಮಗೊಂಡ್ಲು, ದೇವನಹಳ್ಳಿ ಹತ್ತಿರದ ವಿಜಯಪುರ, ಇವು ಕೆಂಪು ಮಣ್ಣಿನ ಹೆಸರಾಂತ ಸರಣಿಗಳು. ಉತ್ತರದ ಕಪ್ಪು ಮಣ್ಣಿಗೆ ಅಚಮಟ್ಟಿ. ಸಂತೆಗೆ ಹೋದರೆ ಊರ ಹೆಸರಲ್ಲೇ ಬದನೆಕಾಯಿ, ಮೆಣಸಿನಕಾಯಿ ಕೇಳುವ ನಮಗೆ ಇದು ಹೊಸದೇನಲ್ಲ.

ಇದರ ಮೇಲೆ ಇನ್ನೊಂದು ಹೆಸರಿನ ಪದ್ಧತಿ ಇದೆ, ಅಮೆರಿಕದ ಕೃಷಿ ಇಲಾಖೆ ರೂಪಿಸಿದ್ದು. ಪ್ರಪಂಚದ ಎಲ್ಲ ಮಣ್ಣನ್ನೂ ಅದು 12 ಗುಂಪಿನಲ್ಲಿ ಹಿಡಿಯುತ್ತೆ. ನಮ್ಮ ಎರೆ ಭೂಮಿ ವರ್ಟಿಸಾಲ್. ಕೆಂಪು ಮಣ್ಣು ಬಹುಪಾಲು ಆಲ್ಫಿಸಾಲ್. ಇನ್ನೂ ಪೂರ್ತಿ ಪದರ ಕಟ್ಟಿಕೊಳ್ಳದ ಮಣ್ಣು ಇನ್‌ಸೆಪ್ಟಿಸಾಲ್, ಎಂಟಿಸಾಲ್. ಜೋರು ಮಳೆಗೆ ಸಾರ ಸೋರಿಹೋದ ಮಲೆನಾಡು, ಕರಾವಳಿಯ ಹುಳಿ ಮಣ್ಣುಗಳಲ್ಲಿ ಹಲವು ಅಲ್ಟಿಸಾಲ್. ಈ ಹೆಸರು ಬಾಯಿಪಾಠ ಮಾಡಬೇಕಾಗಿಲ್ಲ. ಒಂದು ಉಪಯೋಗ ಮಾತ್ರ ಇದೆ: ಬೇರೆ ದೇಶದ ವರ್ಟಿಸಾಲ್‌ನಲ್ಲಿ ಏನೋ ಪ್ರಯೋಗ ಗೆದ್ದಿದೆ ಅಂತ ಓದಿದರೆ, ಅದು ನಿಮ್ಮ ಎರೆ ಹೊಲಕ್ಕೂ ಅನ್ವಯಿಸಬಹುದು ಅಂತ ಗೊತ್ತಾಗುತ್ತೆ.

ನಮ್ಮ ಅಜ್ಜ ಎರೆ (ಕಪ್ಪು), ಮಸಾರಿ (ಕೆಂಪು), ಗರಸು ಅಂತಲೇ ಬದುಕಿದರು. ಅಷ್ಟು ಸಾಲದಾ?

ಬಹುಪಾಲು ಸಾಕಾಗುತ್ತಿತ್ತು. ಸಮೀಕ್ಷೆಗೆ ಹೋದಾಗ ನಾನು ಮೊದಲು ಹುಡುಕುತ್ತಿದ್ದದ್ದು ಊರಿನ ವಯಸ್ಸಾದ ಒಬ್ಬ ರೈತರನ್ನು. "ಇಲ್ಲಿಂದ ಅಲ್ಲಿವರೆಗೂ ಎರೆ, ಆ ಬೇವಿನ ಮರದಿಂದಾಚೆ ಕರಲು (ಉಪ್ಪು ಮಣ್ಣು)" ಅಂತ ಅವರು ಕೈ ತೋರಿಸಿದ ಗಡಿ ನಮ್ಮ ಗಡಿಗೆ ಎಷ್ಟೋ ಸಲ ನಾಲ್ಕು ಮಾರಿನ ವ್ಯತ್ಯಾಸದಲ್ಲಿ ಹೊಂದುತ್ತಿತ್ತು.

ದಕ್ಷಿಣ ಕನ್ನಡದಲ್ಲಿ ಗದ್ದೆಗಳನ್ನು ಬೆಟ್ಟು, ಮಜಲು, ಬೈಲು ಅಂತ ವಿಂಗಡಿಸುತ್ತಾರಲ್ಲ, ಅದು ಎತ್ತರ ಮತ್ತು ನೀರು ನೋಡಿ ಮಾಡಿದ ಭೂ ವರ್ಗೀಕರಣವೇ. ಬೆಟ್ಟಿನಲ್ಲಿ ಮಳೆಗಾಲದ ಒಂದೇ ಬೆಳೆ, ಮಜಲಿನಲ್ಲಿ ಎರಡು, ನೀರು ನಿಲ್ಲುವ ಬೈಲಿನಲ್ಲಿ ಮೂರರ ತನಕ. ಉತ್ತರ ಕನ್ನಡದ ಗಜನಿ ಗದ್ದೆ, ಅಂದರೆ ಉಪ್ಪು ನೀರು ಹತ್ತುವ ಜಾಗಕ್ಕೆ ಕಗ್ಗ ಭತ್ತ ಅಂತ ಗೊತ್ತು ಮಾಡಿದ್ದೂ ಇಂಥದ್ದೇ ತಿಳಿವಳಿಕೆ.

ತೊಂದರೆ ಬರುವುದು ಅಜ್ಜನಿಗೆ ಗೊತ್ತಿಲ್ಲದ ಬೆಳೆ ಬಂದಾಗ. ದಾಳಿಂಬೆ, ಡ್ರ್ಯಾಗನ್ ಫ್ರೂಟ್, ಬಯಲುಸೀಮೆಗೆ ಇಳಿದ ಅಡಿಕೆ. ಇವಕ್ಕೆ ಮಸಾರಿ ಅನ್ನುವ ಒಂದು ಪದ ಸಾಲದು. ಮಸಾರಿಯಲ್ಲೇ ಒಂದು ಅಡಿಯದ್ದೂ ಇದೆ, ಐದು ಅಡಿಯದ್ದೂ ಇದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕಪ್ಪು ಮಣ್ಣು ಅಂದರೆ ಸಾರ ಜಾಸ್ತಿ ಅನ್ನುವ ನಂಬಿಕೆ ಎಲ್ಲ ಕಡೆ ಇದೆ. ನಮ್ಮ ಎರೆ ಭೂಮಿಯ ಸಾವಯವ ಇಂಗಾಲ ಎಷ್ಟೋ ಕಡೆ ಕಡಿಮೆಯೇ. ಅದರ ಬಲ ಇರುವುದು ನೀರು ಹೀರಿ ಹಿಗ್ಗುವ ಅದರ ಜೇಡಿಯಲ್ಲಿ.

ಪಹಣಿಯಲ್ಲಿ "ಮಣ್ಣಿನ ನಮೂನೆ" ಅಂತ ಇದೆಯಲ್ಲ. ಅದನ್ನೇ ನೋಡಿದರೆ ಆಗಲ್ವಾ?

ಅದು ಕಂದಾಯಕ್ಕಾಗಿ ಮಾಡಿದ್ದು. ಅದರ ಹಿಂದಿನ ಕತೆ ಸ್ವಾರಸ್ಯವಾಗಿದೆ. 1830ರ ದಶಕದಲ್ಲಿ ಪುಣೆ ಜಿಲ್ಲೆಯ ಇಂದಾಪುರ ತಾಲ್ಲೂಕಿನಲ್ಲಿ ಗೋಲ್ಡ್‌ಸ್ಮಿಡ್, ವಿಂಗೇಟ್ ಅನ್ನುವ ಇಬ್ಬರು ಅಧಿಕಾರಿಗಳು ಹೊಸ ಸರ್ವೆ ಪದ್ಧತಿ ಶುರು ಮಾಡಿದರು. ಮುಂದೆ ಮುಂಬೈ ಪ್ರಾಂತ್ಯದ ಧಾರವಾಡ ಕಡೆಗೂ ಅದು ಬಂತು. ಮೈಸೂರು ಸಂಸ್ಥಾನದ ಸರ್ವೆಯೂ ಅದನ್ನೇ ಅನುಸರಿಸಿತು.

ಹೊಲವನ್ನು ಭಾಗ ಮಾಡಿ, ಮೊಳದ ಲೆಕ್ಕದಲ್ಲಿ ಆಳ ನೋಡಿ, ಮಣ್ಣಿನ ಬಣ್ಣ-ಬಗೆ ನೋಡಿ, ಆಣೆಯ ಲೆಕ್ಕದಲ್ಲಿ ಬೆಲೆ ಕಟ್ಟುತ್ತಿದ್ದರು. ಒಳ್ಳೆಯ ಮಣ್ಣಿಗೆ 16 ಆಣೆ. ಸುಣ್ಣದ ಹರಳು, ಮರಳು, ಇಳಿಜಾರು, ನೀರು ನಿಲ್ಲುವುದು, ಹಳ್ಳ ಕೊಚ್ಚುವುದು, ಇಂಥ ದೋಷ ಒಂದೊಂದಕ್ಕೂ ಒಂದು ದರ್ಜೆ ಇಳಿಕೆ. ಇವತ್ತಿನ ನಕ್ಷೆಯಲ್ಲೂ ನಾವು ನೋಡುವುದು ಹೆಚ್ಚುಕಮ್ಮಿ ಇವೇ ಅಂಶಗಳು! ಅವರು ಕೇಳಿದ್ದು ಈ ಹೊಲದಿಂದ ಎಷ್ಟು ತೆರಿಗೆ ಕೀಳಬಹುದು ಅಂತ. ನಾವು ಕೇಳುತ್ತಿರುವುದು ಇಲ್ಲಿ ಏನು ಬೆಳೆದರೆ ಉಳಿಯಬಹುದು ಅಂತ. ಪಹಣಿಯ ಕಾಲಂನಲ್ಲಿ ಉಳಿದಿರುವುದು ಬರೀ ಒಂದು ಪದ, "ಕೆಂಪು" ಅಂತಲೋ "ಕಪ್ಪು" ಅಂತಲೋ. ಆಳದ ಲೆಕ್ಕ ಅದರಲ್ಲಿ ಸಿಗಲ್ಲ.

ಭೂ ಸಾಮರ್ಥ್ಯ ವರ್ಗ 3, ವರ್ಗ 6 ಅಂತ ಬರೆದಿದೆ. ಜಾಸ್ತಿ ನಂಬರ್ ಒಳ್ಳೆಯದಾ?

ಉಲ್ಟಾ. 1ರಿಂದ 8ರ ತನಕ ವರ್ಗಗಳಿವೆ. 1 ಅಂದರೆ ಏನೂ ತೊಡಕಿಲ್ಲದ ಭೂಮಿ, 4 ಅಂದರೆ ಬಹಳ ಜೋಪಾನದಿಂದ ಉಳಬೇಕಾದ ಭೂಮಿ. 5ರಿಂದ ಮುಂದೆ ಉಳುವುದಕ್ಕೆ ಅಲ್ಲ, ಹುಲ್ಲುಗಾವಲು, ಮರ, ಕಾಡಿಗೆ. 8 ಬರೀ ಬಂಡೆ, ಕೊರಕಲು. ಅಂಕಿಯ ಜೊತೆ ಒಂದು ಚಿಕ್ಕಕ್ಷರ ಇರುತ್ತೆ: ಇ ಅಂದರೆ ಸವಕಳಿಯ ತೊಂದರೆ, ಡಬ್ಲ್ಯು ನೀರು ನಿಲ್ಲುವುದು, ಎಸ್ ಮಣ್ಣಿನದೇ ದೋಷ, ಸಿ ಹವಾಮಾನ. ಅಂಕಿಗಿಂತ ಈ ಅಕ್ಷರ ಮುಖ್ಯ ಅಂತ ನನಗನ್ನಿಸುತ್ತೆ. ಸವಕಳಿಯಿಂದ 3 ಆದ ಹೊಲಕ್ಕೆ ಬದು ಹಾಕಬಹುದು. ಆಳ ಇಲ್ಲದೆ 3 ಆದ ಹೊಲಕ್ಕೆ ಬೆಳೆಯನ್ನೇ ಬದಲಿಸಬೇಕು.

ಎಸ್1, ಎಸ್2, ಎಸ್3, ಎನ್ ಅಂದರೆ?

ಒಂದೊಂದು ಬೆಳೆಗೂ ಬೇರೆ ಬೇರೆ ಹಾಕುವ ಮಾರ್ಕು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1976ರಲ್ಲಿ ಕೊಟ್ಟ ಚೌಕಟ್ಟು. ಎಸ್1 ಚೆನ್ನಾಗಿ ಹೊಂದುತ್ತೆ, ಎಸ್2 ಪರವಾಗಿಲ್ಲ, ಎಸ್3 ಅಂತೂ ಇಂತೂ, ಎನ್ ಬೇಡ. ಒಂದೇ ಹೊಲ ಶೇಂಗಾಕ್ಕೆ ಎಸ್1 ಇದ್ದು ಹತ್ತಿಗೆ ಎಸ್3 ಇರಬಹುದು. ಅದಕ್ಕೇ "ನನ್ನ ಮಣ್ಣು ಒಳ್ಳೆಯದಾ?" ಅಂತ ಕೇಳಿದರೆ ನಾನು "ಯಾವುದಕ್ಕೆ?" ಅಂತ ತಿರುಗಿ ಕೇಳುತ್ತೇನೆ.

ಈ ಮಾರ್ಕು ಮಣ್ಣು, ಮಳೆಯದು ಮಾತ್ರ. ಟೊಮೆಟೊ ರೇಟು ಅದಕ್ಕೆ ಗೊತ್ತಿಲ್ಲ.

ಬದು ಹಾಕೋಕೂ ಮಣ್ಣಿನ ನಕ್ಷೆ ಬೇಕಾ?

ಬೇಕು. ಕೆಂಪು ಮಣ್ಣಿನಲ್ಲಿ ಸಮಪಾತಳಿ ಬದು (ಇಳಿಜಾರಿಗೆ ಅಡ್ಡಲಾಗಿ ಒಂದೇ ಮಟ್ಟದಲ್ಲಿ ಸಾಗುವ ಬದು) ಹಾಕಿ ನೀರು ನಿಲ್ಲಿಸಿದರೆ ಒಂದೆರಡು ದಿನದಲ್ಲಿ ಇಂಗುತ್ತೆ. ಅದೇ ಬದುವನ್ನು ಆಳವಾದ ಎರೆಯಲ್ಲಿ ಹಾಕಿದರೆ ನೀರು ಇಂಗದೆ ನಿಂತು ಬೆಳೆ ಕೊಳೆಯುತ್ತೆ. ಮೇಲಾಗಿ ಬೇಸಿಗೆಯಲ್ಲಿ ಬದುವೇ ಬಿರುಕು ಬಿಟ್ಟು ಮೊದಲ ಮಳೆಗೆ ಒಡೆದುಹೋಗುತ್ತೆ. ಎರೆ ಹೊಲಕ್ಕೆ ಸ್ವಲ್ಪ ಇಳುಕಲು ಕೊಟ್ಟು, ಹೆಚ್ಚಾದ ನೀರು ಮೆಲ್ಲಗೆ ಹೊರಹೋಗುವ ಬದು ಬೇಕು. ಇಡೀ ತಾಲ್ಲೂಕಿಗೆ ಒಂದೇ ಅಳತೆಯ ಬದು ಹಾಕಿದ ಕಡೆ ರೈತರೇ ಆಮೇಲೆ ಒಡೆದು ಹಾಕಿದ್ದನ್ನು ನೋಡಿದ್ದೇನೆ. ಅವರನ್ನು ಬೈಯುವ ಹಾಗಿರಲಿಲ್ಲ.

ಕಾಲುವೆ ನೀರು ಬಂದ ಮೇಲೆ ಮಣ್ಣು ಯಾವುದಾದರೇನು?

ತುಂಗಭದ್ರಾ, ಮಲಪ್ರಭಾ, ಕೃಷ್ಣಾ ಮೇಲ್ದಂಡೆ ಅಚ್ಚುಕಟ್ಟಿನ ರೈತರನ್ನು ಕೇಳಿ. ಸವಳು-ಜವಳು (ಉಪ್ಪೇರುವುದು, ನೀರು ನಿಂತು ಜೌಗಾಗುವುದು) ಅನ್ನುವ ಜೋಡಿ ಪದ ಅಲ್ಲಿ ಎಲ್ಲರಿಗೂ ಗೊತ್ತು. ತುಂಗಭದ್ರಾ ಅಚ್ಚುಕಟ್ಟು ಬಹುಪಾಲು ಜೋಳ, ಹತ್ತಿಯಂಥ ಅರೆ ನೀರಾವರಿ ಬೆಳೆಗೆ ಅಂತ ಯೋಜನೆ ಹಾಕಿದ್ದು. ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಬಂತು. ಎರೆ ಮಣ್ಣಿನಲ್ಲಿ ನೀರು ಕೆಳಗಿಳಿಯುವುದು ಬಹಳ ನಿಧಾನ. ಬಸಿಗಾಲುವೆ ಇಲ್ಲದೆ ವರ್ಷವಿಡೀ ನೀರು ಕಟ್ಟಿದಾಗ ಒಳನೀರು ಮೇಲೇರಿ, ಜೊತೆಗೆ ಉಪ್ಪನ್ನೂ ತಂದು ಮೇಲೆ ಬಿಟ್ಟಿತು. ಬೇಸಿಗೆಯಲ್ಲಿ ಬೂದಿ ಚೆಲ್ಲಿದ ಹಾಗೆ ಬೆಳ್ಳಗೆ ಕಾಣುವ ಹೊಲಗಳು ಇವೇ.

ಇಲ್ಲೂ ಎರಡು ಬಗೆ ಇವೆ. ಉಪ್ಪು ಮಾತ್ರ ಜಾಸ್ತಿ ಇದ್ದರೆ ಬಸಿಗಾಲುವೆ ತೆಗೆದು ಒಳ್ಳೆಯ ನೀರಿನಿಂದ ತೊಳೆಯಬಹುದು. ಸೋಡಿಯಂ ಮಣ್ಣಿಗೇ ಅಂಟಿಕೊಂಡಿದ್ದರೆ, ಅಂದರೆ ರಸಸಾರ 8.5 ದಾಟಿದ ಕ್ಷಾರ ಮಣ್ಣಾದರೆ, ಜಿಪ್ಸಮ್ ಹಾಕಿ ಸೋಡಿಯಂ ಬಿಡಿಸಬೇಕು, ಆಮೇಲೆ ತೊಳೆಯಬೇಕು. ಯಾವುದು ಅಂತ ತಿಳಿಯದೆ ಜಿಪ್ಸಮ್ ಮೂಟೆ ಸುರಿದರೆ ದುಡ್ಡು ದಂಡ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ವರ್ಷಗಳಿಂದ ಇದರ ಮೇಲೆ ಕೆಲಸ ಮಾಡುತ್ತಿದೆ. ಆ ಕಡೆಯವರು ಅಲ್ಲಿ ವಿಚಾರಿಸಿ.

ಕೆರೆ ಗೋಡು (ಕೆರೆಯ ಹೂಳು) ಹೊಡೆಸಬಹುದಾ?

ಮರಳು ಜಾಸ್ತಿ ಇರುವ ಕೆಂಪು ಹೊಲಕ್ಕೆ ಬಹಳ ಒಳ್ಳೆಯದು, ನೀರು ಹಿಡಿಯುವ ಶಕ್ತಿ ಬರುತ್ತೆ. ಎರೆಗೆ ಹೊಡೆಸಿದರೆ ಟ್ರ್ಯಾಕ್ಟರ್ ಬಾಡಿಗೆ ನಷ್ಟ. ಹೊಡೆಸುವ ಮೊದಲು ಗೋಡಿನ ರಸಸಾರ, ಲವಣಾಂಶ ಪರೀಕ್ಷೆ ಮಾಡಿಸಿ.

ಮನೆ ಕಟ್ಟೋಕೆ ಈ ನಕ್ಷೆ ನೋಡಬಹುದಾ?

ಸೂಚನೆಯಾಗಿ ನೋಡಬಹುದು. ಎರೆ ಮಣ್ಣು ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುತ್ತೆ, ಗೋಡೆ ಸೀಳುತ್ತೆ. ಇದಕ್ಕೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಕೆಳಗೆ ಉಬ್ಬಿದ ಬುಡ ಇರುವ ಕಂಬದ ಪಾಯ ರೂಪಿಸಿದ್ದಾರೆ. ಆದರೆ ಎಂಜಿನಿಯರುಗಳ ಮಣ್ಣಿನ ವರ್ಗೀಕರಣವೇ ಬೇರೆ. ಪಾಯದ ವಿಷಯ ಅವರಿಗೇ ಬಿಡಿ.

ಉಪಗ್ರಹ, ಡ್ರೋನ್ ಇರುವ ಕಾಲದಲ್ಲಿ ಗುಂಡಿ ಯಾಕೆ ತೋಡಬೇಕು?

ಉಪಗ್ರಹಕ್ಕೆ ಹೊಲದ ಚರ್ಮ ಕಾಣುತ್ತೆ. ಗಡಿ ಎಲ್ಲಿ ಇರಬಹುದು ಅಂತ ಊಹಿಸೋಕೆ ಅದು ಬಹಳ ಸಹಾಯ. ಎರಡೂವರೆ ಅಡಿ ಕೆಳಗಿರುವ ಕಲ್ಲು ಗುದ್ದಲಿಗೆ ಮಾತ್ರ ಸಿಗುತ್ತೆ.

ನಕ್ಷೆ ತಪ್ಪಾಗಿರಬಹುದಾ?

ಇರಬಹುದು. ನಕ್ಷೆಯಲ್ಲಿ ಗೆರೆ ಚೂಪಾಗಿರುತ್ತೆ, ನೆಲದಲ್ಲಿ ಮಣ್ಣು ನಿಧಾನವಾಗಿ ಬದಲಾಗುತ್ತೆ. ಎರಡು ಗುಂಡಿಗಳ ನಡುವಿನದ್ದು ಸಮೀಕ್ಷೆಯವನ ಅಂದಾಜು. ಒಂದು ಬಣ್ಣದ ತುಂಡಿನೊಳಗೂ ಬೇರೆ ಮಣ್ಣಿನ ಚಿಕ್ಕ ತೇಪೆಗಳು ಇದ್ದೇ ಇರುತ್ತವೆ. ಸಮೀಕ್ಷೆಯ ನಂತರ ಜೆಸಿಬಿ ತಂದು ಹೊಲ ಮಟ್ಟ ಮಾಡಿಸಿದ್ದರಂತೂ ಮೇಲಿನ ಮಣ್ಣು ಕೆಳಗೆ, ಕೆಳಗಿನದು ಮೇಲೆ. ಆಗ ನಕ್ಷೆಯನ್ನು ದೂರಿ ಪ್ರಯೋಜನ ಇಲ್ಲ. ಹತ್ತು ಗುಂಟೆಯಲ್ಲಿ ತರಕಾರಿ ಬೆಳೆಯೋಕೆ ನಕ್ಷೆ ನಂಬಿ. ಐದು ಎಕರೆ ತೋಟಕ್ಕೆ ಸಾಲ ತೆಗೆಯುವ ಮೊದಲು ನಿಮ್ಮದೇ ಒಂದೆರಡು ಗುಂಡಿ ತೋಡಿ ನೋಡಿ.

ನಮ್ಮ ಊರಿನ ನಕ್ಷೆ ಎಲ್ಲಿ ಸಿಗುತ್ತೆ?

ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಮೊದಲು ಕೇಳಿ. "ಎಲ್‌ಆರ್‌ಐ ಕಾರ್ಡ್" ಅಂತಲೇ ಹೇಳಿ. ಬರೀ "ಮಣ್ಣಿನ ಕಾರ್ಡ್" ಅಂದರೆ ಆರೋಗ್ಯ ಕಾರ್ಡ್ ಕೈಗಿಡುತ್ತಾರೆ. ಗ್ರಾಮದ ಹೆಸರು, ಸರ್ವೆ ನಂಬರ್ ಗೊತ್ತಿರಲಿ. ಸಮೀಕ್ಷೆ ಆಗಿದ್ದರೆ ಯಾವ ಬೆಳೆಗೆ ಎಷ್ಟು ಯೋಗ್ಯ, ಎಂಥ ಬದು, ಯಾವ ಪೋಷಕಾಂಶ ಕಮ್ಮಿ ಅನ್ನುವುದೆಲ್ಲ ಅದರಲ್ಲೇ ಇರುತ್ತೆ.

ಸಮೀಕ್ಷೆ ಆಗಿಲ್ಲ. ನಾನೇ ಏನು ಮಾಡಬಹುದು?

ಬೇಸಿಗೆಯಲ್ಲಿ, ಬೆಳೆ ಇಲ್ಲದಾಗ, ಹೊಲದ ಮೇಲಿನ ತುದಿ, ನಡು, ಕೆಳಗಿನ ತುದಿಯಲ್ಲಿ ಮೂರು ಗುಂಡಿ ತೆಗೆಯಿರಿ. ಎರಡು ಅಡಿ ಅಗಲ, ನಾಲ್ಕು ಅಡಿ ಉದ್ದ, ನಾಲ್ಕು ಅಡಿ ಆಳ. ನಡುವೆ ಕಲ್ಲು ಸಿಕ್ಕರೆ ಅಲ್ಲಿಗೇ ನಿಲ್ಲಿಸಿ, ಅದೇ ನಿಮ್ಮ ಉತ್ತರ. ಎಷ್ಟು ಅಡಿಗೆ ಬಣ್ಣ ಬದಲಾಯಿತು, ಎಷ್ಟಕ್ಕೆ ನೊರಜು, ಎಷ್ಟಕ್ಕೆ ಕಲ್ಲು, ಹಳೆಯ ಬೆಳೆಯ ಬೇರು ಎಲ್ಲಿಯ ತನಕ ಇಳಿದಿದೆ, ಬರೆದುಕೊಳ್ಳಿ. ಬೇರು ಒಂದು ಮಟ್ಟದಲ್ಲಿ ಥಟ್ಟನೆ ನಿಂತಿದ್ದರೆ ಅಲ್ಲೇನೋ ಗಟ್ಟಿ ಪದರ ಇದೆ. ರಿಬ್ಬನ್ ಪರೀಕ್ಷೆ ಮಾಡಿ. ಬೆಳ್ಳಗಿನ ಹರಳು ಕಂಡರೆ ನಿಂಬೆರಸ ಹಿಂಡಿ ನೋಡಿ, ನೊರೆ ಬಂದರೆ ಸುಣ್ಣ. ಕೊನೆಗೆ ಗುಂಡಿಗೆ ನಾಲ್ಕು ಕೊಡ ನೀರು ಹಾಕಿ, ಮರುದಿನ ಬೆಳಿಗ್ಗೆ ನಿಂತಿದೆಯಾ ಅಂತ ನೋಡಿ.

ಗುಂಡಿಯನ್ನು ರಾತ್ರಿ ಹಾಗೇ ಬಿಡುವುದಾದರೆ ಸುತ್ತ ಮುಳ್ಳು ಹಾಕಿ, ಕುರಿ ಬೀಳುತ್ತವೆ. ಅಗೆಯುವಾಗಲೇ ಮೇಲಿನ ಮಣ್ಣನ್ನು ಎಡಕ್ಕೆ, ಕೆಳಗಿನದನ್ನು ಬಲಕ್ಕೆ ಹಾಕಿ. ಮುಚ್ಚುವಾಗ ಮೊದಲು ಬಲಗಡೆಯದು, ಆಮೇಲೆ ಎಡಗಡೆಯದು.

ಚಿಕ್ಕಪ್ಪನ ಮಾವು ಏನಾಯಿತು?

ಕೆಳಗಿನ ಅರ್ಧ ಕಾಯಿ ಬಿಡುತ್ತಿದೆ. ಮೇಲಿನದ್ದನ್ನು ಕಡಿಸಿ ಮತ್ತೆ ಶೇಂಗಾ ಹಾಕಿದ್ದಾರೆ.